ಶಾಂತಿಪಾಲಕರು ಒಂದು ಪಕ್ಷದ ಪಡೆಯಾದಾಗ: ಕಾಂಗೋ, ವಿಶ್ವಸಂಸ್ಥೆ ಮತ್ತು ‘ಸ್ಥಿರೀಕರಣ’ದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಧ್ಯ ಆಫ್ರಿಕಾದ ಕಾಂಗೋ ದೇಶದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುವುದೇ ಅಪರೂಪ. ಬಂದರೆ ಭಾರತದ ಯೋಧರು ಸತ್ತಾಗ ಬರುತ್ತದೆ, ಇಲ್ಲವೇ ಗೋಮಾ ನಗರ ಬಂಡುಕೋರರ ಕೈಗೆ ಬಿದ್ದಾಗ. ಆಗೆಲ್ಲ ಓದುಗರು ಕೇಳುವುದು ಸುಮಾರು ಒಂದೇ ಥರದ ಪ್ರಶ್ನೆ: ಶಾಂತಿ ಕಾಯಲು ಹೋದವರು ಗುಂಡು ಹಾರಿಸುವುದು ಯಾಕೆ, ಅಷ್ಟು ಸೈನಿಕರಿದ್ದೂ ಶಾಂತಿ ಬರಲಿಲ್ಲ ಯಾಕೆ, ಜನ ಅವರನ್ನೇ ಕಲ್ಲು ಹೊಡೆದು ಓಡಿಸಿದ್ದು ಯಾಕೆ. ಮೂರಕ್ಕೂ ಉತ್ತರ ಹುಡುಕುತ್ತಾ ಹೋದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ವಿಶ್ವಸಂಸ್ಥೆಯ ಪಡೆಗಳು ಹೇಗೆ ಬದಲಾದವು ಎಂಬಲ್ಲಿಗೇ ಬರಬೇಕಾಗುತ್ತದೆ.

ಸ್ಥಿರೀಕರಣ ಪಡೆ ಮಾಮೂಲಿ ಶಾಂತಿಪಾಲನಾ ಪಡೆಗಿಂತ ಹೇಗೆ ಬೇರೆ?

ಮಾಮೂಲಿ ಪಡೆ ಹೋಗುವುದು ಜಗಳ ನಿಂತ ಮೇಲೆ. ಎರಡೂ ಕಡೆಯವರು ಕದನ ವಿರಾಮಕ್ಕೆ ಒಪ್ಪಿರುತ್ತಾರೆ. ನಡುವೆ ಯಾರಾದರೂ ನಿಂತು, ಒಪ್ಪಂದ ಮುರಿದವರು ಯಾರು ಅಂತ ಹೇಳಬೇಕಿರುತ್ತದೆ, ಅಷ್ಟೆ.

ಸ್ಥಿರೀಕರಣ ಪಡೆ ಹೋಗುವುದು ಗುಂಡಿನ ಸದ್ದು ಇನ್ನೂ ಕೇಳುತ್ತಿರುವಾಗಲೇ. ಅದು ಯಾರ ಕಡೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ, ಅಲ್ಲಿನ ಸರ್ಕಾರದ ಕಡೆ. ಸರ್ಕಾರದ ಕೈತಪ್ಪಿದ ಊರುಗಳನ್ನು ಮತ್ತೆ ಅದರ ಕೈಗೆ ತಂದುಕೊಡುವುದು ಕೆಲಸ. ಮೊದಲು ಶಸ್ತ್ರಧಾರಿಗಳನ್ನು ಓಡಿಸಬೇಕು. ಆಮೇಲೆ ಜಾಗ ಬಿಟ್ಟುಕೊಡದೆ ಹಿಡಿದಿಟ್ಟುಕೊಳ್ಳಬೇಕು. ಆಮೇಲೆ ಪೊಲೀಸ್ ಠಾಣೆ, ಕೋರ್ಟು, ರಸ್ತೆ ಮಾಡಿಕೊಡಬೇಕು. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಸರ್ಕಾರವೇ ಜನರಿಗೆ ಬೇಡವಾಗಿದ್ದರೆ ಏನು ಮಾಡುವುದು ಎಂಬುದಕ್ಕೆ ಆ ಕಾಗದದಲ್ಲಿ ಉತ್ತರವಿಲ್ಲ.

ಹಳೆಯ ಪದ್ಧತಿಗೆ ಒಂದು ಉದಾಹರಣೆ ಕೊಡಿ.

ಸೈಪ್ರಸ್. ಗ್ರೀಕ್ ಸೈಪ್ರಿಯಟ್ಟರಿಗೂ ಟರ್ಕಿಶ್ ಸೈಪ್ರಿಯಟ್ಟರಿಗೂ ಹೊಡೆದಾಟವಾಗಿ 1964ರ ಮಾರ್ಚ್‌ನಲ್ಲಿ ಅಲ್ಲಿಗೆ ವಿಶ್ವಸಂಸ್ಥೆಯ ಪಡೆ ಹೋಯಿತು. ಆ ವರ್ಷದ ಜುಲೈನಿಂದ ಅದರ ದಂಡನಾಯಕರಾಗಿದ್ದವರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. 1965ರ ಡಿಸೆಂಬರ್‌ನಲ್ಲಿ ಅದೇ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ ಈಗ ಮ್ಯೂಸಿಯಂ. ಆ ಕಡೆ ಹೋದಾಗ ನೋಡಬಹುದು.

ತಿಮ್ಮಯ್ಯ ಅದಕ್ಕೂ ಮೊದಲು, 1953-54ರಲ್ಲಿ, ಕೊರಿಯಾ ಯುದ್ಧಕೈದಿಗಳ ವಿಷಯ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. ಎರಡೂ ಕಡೆ ಅವರ ಬಂಡವಾಳ ಒಂದೇ. ಈ ಮನುಷ್ಯ ಯಾರ ಪರವೂ ಅಲ್ಲ ಎಂಬ ನಂಬಿಕೆ. ಸೈಪ್ರಸ್ ಸಮಸ್ಯೆ ಇವತ್ತಿಗೂ ಬಗೆಹರಿದಿಲ್ಲ, ವಿಶ್ವಸಂಸ್ಥೆ ಪಡೆ ಇವತ್ತಿಗೂ ಅಲ್ಲೇ ಇದೆ. ಹಳೆಯ ಪದ್ಧತಿಯನ್ನು ಹೊಗಳುವವರು ಇದನ್ನೂ ಹೇಳಬೇಕು.

ಒಪ್ಪಿಗೆ, ನಿಷ್ಪಕ್ಷಪಾತ, ಆತ್ಮರಕ್ಷಣೆಗೆ ಮಾತ್ರ ಬಲಪ್ರಯೋಗ: ಮೂರು ತತ್ವ ಅಂತ ಪುಸ್ತಕದಲ್ಲಿ ಬರೆಯುವುದು ಇದನ್ನೇ. ಈಚೆಗೆ ಕೊನೆಯದಕ್ಕೆ ‘ವಹಿಸಿದ ಕೆಲಸದ ರಕ್ಷಣೆಗೆ’ ಎಂಬ ಬಾಲಂಗೋಚಿ ಸೇರಿದೆ. ಹೆಚ್ಚಿನ ಬಲಪ್ರಯೋಗಕ್ಕೆ ಬಾಗಿಲು ತೆರೆದುಕೊಂಡಿದ್ದೇ ಅಲ್ಲಿಂದ.

ಹಾಗಾದರೆ ವಿಶ್ವಸಂಸ್ಥೆ ಮೊದಲು ಯುದ್ಧವನ್ನೇ ಮಾಡಿರಲಿಲ್ಲವಾ?

ಮಾಡಿತ್ತು. ಅದೂ ಇದೇ ಕಾಂಗೋದಲ್ಲಿ! 1960ರಲ್ಲಿ ಬೆಲ್ಜಿಯಂನಿಂದ ಸ್ವಾತಂತ್ರ್ಯ ಬಂದ ಕೆಲವೇ ದಿನಗಳಲ್ಲಿ ಗಣಿಗಳಿಂದ ಶ್ರೀಮಂತವಾಗಿದ್ದ ಕಟಾಂಗಾ ಪ್ರಾಂತ್ಯ ತಾನು ಬೇರೆ ದೇಶ ಅಂತ ಘೋಷಿಸಿಕೊಂಡಿತು. ಅದರ ಬೆನ್ನಿಗೆ ಬಿಳಿಯ ಬಾಡಿಗೆ ಸೈನಿಕರಿದ್ದರು. ವಿಶ್ವಸಂಸ್ಥೆಯ ಪಡೆ ಒಂದು ಹಂತದಲ್ಲಿ 20 ಸಾವಿರದ ಹತ್ತಿರಕ್ಕೆ ಬೆಳೆಯಿತು. ಭಾರತದ ಒಂದು ಬ್ರಿಗೇಡ್ ಹೋಯಿತು, ನಮ್ಮ ವಾಯುಪಡೆಯ ಕ್ಯಾನ್‌ಬೆರಾ ಬಾಂಬರ್‌ಗಳೂ ಹೋದವು. 1961ರ ಡಿಸೆಂಬರ್ 5ರಂದು ಕಟಾಂಗಾದ ರಾಜಧಾನಿ ಎಲಿಜಬೆತ್‌ವಿಲ್‌ನಲ್ಲಿ ರಸ್ತೆ ತಡೆ ತೆರವು ಮಾಡಲು ಹೋಗಿ ಪ್ರಾಣ ಬಿಟ್ಟ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಬಂತು. ಅದಕ್ಕೆ ಎರಡೂವರೆ ತಿಂಗಳ ಹಿಂದೆ ಪ್ರಧಾನ ಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ಅದೇ ಬಿಕ್ಕಟ್ಟಿನ ಮಾತುಕತೆಗೆ ಹೊರಟವರು ಈಗಿನ ಜಾಂಬಿಯಾದ ಎನ್‌ಡೋಲಾ ಹತ್ತಿರ ವಿಮಾನ ಬಿದ್ದು ಸತ್ತಿದ್ದರು.

ಕಟಾಂಗಾ ಮತ್ತೆ ಕಾಂಗೋಗೆ ಸೇರಿತು. ಆದರೆ ವಿಶ್ವಸಂಸ್ಥೆ ಮಾತ್ರ ಎಷ್ಟು ಕೈಸುಟ್ಟುಕೊಂಡಿತೆಂದರೆ ಮುಂದೆ ದಶಕಗಳ ಕಾಲ ಇಂಥ ಕೆಲಸದ ತಂಟೆಗೇ ಹೋಗಲಿಲ್ಲ.

ಮತ್ತೆ ಈ ಯೋಚನೆ ಬಂದಿದ್ದು ಎಲ್ಲಿಂದ?

ಬೇರೆ ಸೈನ್ಯಗಳಿಂದ. 1996ರ ಕೊನೆಗೆ ಬೋಸ್ನಿಯಾಕ್ಕೆ ಹೋದ ನೇಟೊ ಪಡೆಯ ಹೆಸರಲ್ಲೇ ಸ್ಥಿರೀಕರಣ ಇತ್ತು. ಆದರೆ ಅದು ಸಿದ್ಧಾಂತವಾಗಿ ಬೆಳೆದಿದ್ದು ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ. ಸರ್ಕಾರಗಳನ್ನು ಕೆಡವುವುದು ಸುಲಭ, ಆಮೇಲೆ ಆ ಜಾಗದಲ್ಲಿ ಇನ್ನೊಂದನ್ನು ನಿಲ್ಲಿಸುವುದೇ ಕಷ್ಟ ಎಂದು ಅಮೆರಿಕದವರಿಗೆ ಅರ್ಥವಾಯಿತು. 2005ರಲ್ಲಿ ಪೆಂಟಗನ್ ಸ್ಥಿರೀಕರಣವೂ ಯುದ್ಧದಷ್ಟೇ ಮುಖ್ಯ ಕೆಲಸ ಅಂತ ಆದೇಶ ಹೊರಡಿಸಿತು. 2008ರಲ್ಲಿ ಅಮೆರಿಕದ ಭೂಸೇನೆ ಅದಕ್ಕೇ ಒಂದು ಕೈಪಿಡಿ ತಂದಿತು. 2009ರಲ್ಲಿ ಬ್ರಿಟನ್‌ನದೂ ಬಂತು.

ಇದೇ ದೇಶಗಳು ಭದ್ರತಾ ಮಂಡಳಿಯಲ್ಲೂ ಕೂತಿವೆ ನೋಡಿ. ಕಾಂಗೋ, ಮಾಲಿ, ಮಧ್ಯ ಆಫ್ರಿಕಾ ಗಣರಾಜ್ಯ ಮೂರಕ್ಕೂ ನಿರ್ಣಯದ ಕರಡು ಬರೆಯುತ್ತಿದ್ದದ್ದು ಫ್ರಾನ್ಸ್. ಬರೆಯುವವರ ತಲೆಯಲ್ಲಿ ಏನಿರುತ್ತದೋ ಅದೇ ಕಾಗದಕ್ಕೆ ಇಳಿಯುತ್ತದೆ.

ವಿಶ್ವಸಂಸ್ಥೆಯ ಯಾವ ಪಡೆಗಳಿಗೆ ಈ ಹೆಸರಿತ್ತು?

ನಾಲ್ಕಕ್ಕೆ. ಹೈಟಿ (2004), ಕಾಂಗೋ (2010), ಮಾಲಿ (2013), ಮಧ್ಯ ಆಫ್ರಿಕಾ ಗಣರಾಜ್ಯ (2014). ಹೈಟಿಯದು 2017ರಲ್ಲಿ ಮುಗಿಯಿತು. ಮಾಲಿಯದನ್ನು ಅಲ್ಲಿನ ಸರ್ಕಾರವೇ ಹೊರಗೆ ಹಾಕಿತು.

ಹೈಟಿಯಲ್ಲಿ ನಡೆದದ್ದನ್ನು ಇಲ್ಲಿ ಚೂರು ಹೇಳಬೇಕು. ಅಲ್ಲಿ ಸೇನೆಗಳ ನಡುವೆ ಯುದ್ಧವೇ ಇರಲಿಲ್ಲ, ಇದ್ದದ್ದು ರಾಜಧಾನಿಯ ಕೊಳೆಗೇರಿಗಳ ಗ್ಯಾಂಗುಗಳು. 2005ರ ಜುಲೈ 6ರ ಬೆಳಗಿನ ಜಾವ ಸಿಟೆ ಸೊಲೇ ಎಂಬ ಕೊಳೆಗೇರಿಗೆ ವಿಶ್ವಸಂಸ್ಥೆಯ ಸೈನಿಕರು ಒಬ್ಬ ಗ್ಯಾಂಗ್ ಮುಖಂಡನಿಗಾಗಿ ನುಗ್ಗಿದರು. ಕೆಲವೇ ಗಂಟೆಗಳಲ್ಲಿ 20 ಸಾವಿರಕ್ಕೂ ಹೆಚ್ಚು ಗುಂಡು ಹಾರಿದವು. ತಗಡಿನ ಗೋಡೆಯ ಮನೆಗಳು ಗುಂಡು ತಡೆಯುತ್ತವಾ? ಸತ್ತವರಲ್ಲಿ ಗ್ಯಾಂಗಿಗೆ ಸಂಬಂಧವಿಲ್ಲದವರೂ ಇದ್ದರು. 2010ರಲ್ಲಿ ಪಡೆಯ ಒಂದು ಶಿಬಿರದ ಕೊಳಕು ನೀರು ನದಿಗೆ ಸೇರಿ ಕಾಲರಾ ಹರಡಿತು. 10 ಸಾವಿರದ ಹತ್ತಿರ ಜನ ಸತ್ತರು. ವಿಶ್ವಸಂಸ್ಥೆ ಕ್ಷಮೆ ಕೇಳಿದ್ದು 2016ರ ಡಿಸೆಂಬರ್‌ನಲ್ಲಿ, ಆರು ವರ್ಷ ಆದಮೇಲೆ. ಕಾಲರಾಕ್ಕೂ ಸ್ಥಿರೀಕರಣಕ್ಕೂ ನೇರ ಸಂಬಂಧ ಇಲ್ಲ, ನಿಜ. ಆದರೆ ಆ ಪಡೆಯ ಬಗ್ಗೆ ಹೈಟಿಯವರ ಮನಸ್ಸಿನಲ್ಲಿ ಇವೆರಡೂ ಬೇರೆ ಬೇರೆಯಾಗಿ ಉಳಿದಿಲ್ಲ.

ಪೂರ್ವ ಕಾಂಗೋದ ಜಗಳವಾದರೂ ಏನು?

ಪೂರ್ತಿ ಹೇಳಲು ಇನ್ನೊಂದು ಲೇಖನವೇ ಬೇಕು. ಚುಟುಕಾಗಿ ಹೇಳುವುದಾದರೆ, 1994ರಲ್ಲಿ ಪಕ್ಕದ ರುವಾಂಡಾದಲ್ಲಿ ಟುಟ್ಸಿ ಸಮುದಾಯದವರ ನರಮೇಧವಾಯಿತು. ಕೊಂದವರಲ್ಲಿ ಅನೇಕರು ಗಡಿ ದಾಟಿ ಪೂರ್ವ ಕಾಂಗೋದ ಕಿವು ಪ್ರಾಂತ್ಯಗಳಿಗೆ ಬಂದರು. ಅವರನ್ನು ಅಟ್ಟಿಸಿಕೊಂಡು ರುವಾಂಡಾ ಬಂತು. ಎರಡು ದೊಡ್ಡ ಯುದ್ಧಗಳಾದವು, ಅಕ್ಕಪಕ್ಕದ ಆರೇಳು ದೇಶಗಳು ಒಳಗೆ ಬಂದವು. 1999ರಲ್ಲಿ ಲುಸಾಕಾ ಒಪ್ಪಂದ ಆಯಿತು, ಅದನ್ನು ನೋಡಿಕೊಳ್ಳಲು ವಿಶ್ವಸಂಸ್ಥೆಯ ಪಡೆ ಹೋಯಿತು. ಅಂದರೆ ಹಳೆಯ ಪದ್ಧತಿಯಲ್ಲೇ ಶುರು. ಜೊತೆಗೆ ಭೂಮಿಯ ಜಗಳ ಇದೆ, ಚಿನ್ನ, ತವರ, ಕೋಲ್ಟಾನ್ ಎಂಬ ಖನಿಜ ಇದೆ, ಸಂಬಳ ಸರಿಯಾಗಿ ಸಿಗದ ಸೈನ್ಯ ಇದೆ. ನೂರಕ್ಕೂ ಹೆಚ್ಚು ಶಸ್ತ್ರಸಜ್ಜಿತ ಗುಂಪುಗಳಿವೆ.

2010ರ ಜುಲೈ 1ರಂದು ಆ ಪಡೆಯ ಹೆಸರು ಬದಲಾಗಿ ‘ಮೊನುಸ್ಕೊ’ ಆಯಿತು. ಹೆಸರಿನಲ್ಲಿ ಸ್ಥಿರೀಕರಣ ಬಂದು ಕೂತಿತು.

ಜನ ಸಾಯುತ್ತಿದ್ದರೂ ಪಡೆ ಸುಮ್ನೆ ನಿಂತಿತ್ತು ಅಂತಾರಲ್ಲ, ನಿಜವೇ?

ನಿಜ. ಅದರಲ್ಲಿ ನಮ್ಮವರೂ ಇದ್ದರು, ಹಾಗಾಗಿ ಮುಚ್ಚಿಡದೆ ಹೇಳುತ್ತೇನೆ. 2008ರ ನವೆಂಬರ್ 4 ಮತ್ತು 5. ಉತ್ತರ ಕಿವುವಿನ ಕಿವಾಂಜಾ ಎಂಬ ಊರು. ಬಂಡುಕೋರರು ಮನೆಮನೆ ಹೊಕ್ಕು ಸುಮಾರು 150 ಜನರನ್ನು ಕೊಂದರು. ಅಲ್ಲಿಂದ ಒಂದೂವರೆ ಕಿಲೋಮೀಟರ್ ಒಳಗೇ ಭಾರತೀಯ ಸೈನಿಕರ ನೆಲೆ ಇತ್ತು. ನೂರರ ಆಸುಪಾಸು ಸೈನಿಕರು. ಅವರಿಗೆ ಸ್ಥಳೀಯ ಭಾಷೆ ಗೊತ್ತಿಲ್ಲ, ಜೊತೆಗೆ ದುಭಾಷಿ ಇಲ್ಲ, ಊರಲ್ಲಿ ಏನಾಗುತ್ತಿದೆ ಎಂಬ ಖಬರೇ ಇಲ್ಲ. ಆ ಹೊತ್ತಿಗೆ ಅವರಿಗೆ ಬಂದಿದ್ದ ತುರ್ತು ಕೆಲಸ ವಿದೇಶಿಯರನ್ನು ಸುರಕ್ಷಿತವಾಗಿ ಕರೆತರುವುದು.

ಅಲ್ಲಿ ಕೊರತೆಯಾಗಿದ್ದು ಬಂದೂಕಲ್ಲ ಎಂಬುದನ್ನು ಗಮನಿಸಿ. ಊರಿನವರ ಜೊತೆ ಮಾತಾಡಬಲ್ಲ ಒಬ್ಬ ಮನುಷ್ಯ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಕಾಂಗೋದ ಪಡೆ ಇದಕ್ಕೆ ಒಂದು ದಾರಿ ಹುಡುಕಿತು. ಆ ಭಾಗದ ಭಾಷೆ ಗೊತ್ತಿರುವ ಕಾಂಗೋದವರನ್ನೇ ನೇಮಿಸಿ ಒಂದೊಂದು ನೆಲೆಗೆ ಕಳಿಸಿತು. ಅವರು ಊರ ಮುಖಂಡರಿಗೆ, ಪಾದ್ರಿಗಳಿಗೆ, ಮಹಿಳಾ ಸಂಘದವರಿಗೆ ಫೋನ್ ಕೊಟ್ಟು, ನಂಬರ್ ಪಟ್ಟಿ ಮಾಡಿಟ್ಟುಕೊಂಡರು. ರಾತ್ರಿ ಏನಾದರೂ ಆದರೆ ನೆಲೆಗೆ ಕರೆ ಬರುತ್ತಿತ್ತು. ಬೇರೆ ದೇಶಗಳ ಪಡೆಗಳೂ ಆಮೇಲೆ ಇದನ್ನು ಅಳವಡಿಸಿಕೊಂಡವು. ಈ ಇಡೀ ಕತೆಯಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಸುಧಾರಣೆ ಇದು. ಆದರೆ ಸುದ್ದಿಯಾಗಿದ್ದು ಇದಲ್ಲ, ಹೆಲಿಕಾಪ್ಟರುಗಳು.

ಆ ‘ದಾಳಿ ಬ್ರಿಗೇಡ್’ ಹುಟ್ಟಿದ್ದು ಹೇಗೆ?

2012ರ ನವೆಂಬರ್ 20ರಂದು ಎಂ23 ಎಂಬ ಬಂಡುಕೋರ ಗುಂಪು ಗೋಮಾ ನಗರವನ್ನು ಹಿಡಿಯಿತು. ಗೋಮಾ ಅಂದರೆ ಉತ್ತರ ಕಿವುವಿನ ರಾಜಧಾನಿ, ರುವಾಂಡಾ ಗಡಿಗೆ ಅಂಟಿಕೊಂಡಿರುವ ಊರು. ನಗರದಲ್ಲೇ ವಿಶ್ವಸಂಸ್ಥೆಯ ಸುಮಾರು 1,500 ಸೈನಿಕರಿದ್ದರು. ಅದಕ್ಕೂ ಮೊದಲಿನ ದಿನಗಳಲ್ಲಿ ಅವರ ಹೆಲಿಕಾಪ್ಟರುಗಳು ಬಂಡುಕೋರರ ಮೇಲೆ ದಾಳಿಯನ್ನೂ ಮಾಡಿದ್ದವು. ಆದರೆ ಕಾಂಗೋ ಸೈನ್ಯ ಜಾಗ ಖಾಲಿ ಮಾಡಿ ಓಡಿದ ಮೇಲೆ ಇವರು ನೋಡುತ್ತಾ ನಿಂತರು. ಬಂಡುಕೋರರು ಅವರ ಮುಂದೆಯೇ ನಡೆದು ಹೋದ ಫೋಟೊಗಳು ಎಲ್ಲ ಕಡೆ ಬಂದವು. ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಗೆ ಮುಖ ಎತ್ತಲಾಗದ ಅವಮಾನ.

2013ರ ಮಾರ್ಚ್ 28ರಂದು ಭದ್ರತಾ ಮಂಡಳಿ 2098ನೇ ನಿರ್ಣಯವನ್ನು ಅವಿರೋಧವಾಗಿ ಅಂಗೀಕರಿಸಿತು. ಮೊನುಸ್ಕೊ ಒಳಗೇ ದಾಳಿ ಬ್ರಿಗೇಡ್ ಹುಟ್ಟಿದ್ದು ಅದರಿಂದ. ಮೂರು ಕಾಲಾಳು ಬೆಟಾಲಿಯನ್, ಒಂದು ಫಿರಂಗಿ ದಳ, ಒಂದು ವಿಶೇಷ ದಳ. ಒಟ್ಟು ಸುಮಾರು 3,000 ಜನ. ದಕ್ಷಿಣ ಆಫ್ರಿಕಾ, ಟಾಂಜಾನಿಯಾ, ಮಲಾವಿಯವರು. ಶಸ್ತ್ರಧಾರಿ ಗುಂಪುಗಳನ್ನು ಹುಡುಕಿಕೊಂಡು ಹೋಗಿ ನಿಷ್ಕ್ರಿಯಗೊಳಿಸಬೇಕು, ಕಾಂಗೋ ಸೈನ್ಯದ ಜೊತೆಗಾದರೂ ಸರಿ, ತಾವೇ ಆದರೂ ಸರಿ. ಗುಂಡು ಬರಲಿ ಅಂತ ಕಾಯಬೇಕಾಗಿಲ್ಲ.

ಅದೇ ನಿರ್ಣಯದಲ್ಲಿ ಇದು ವಿಶೇಷ ಸಂದರ್ಭ, ಮುಂದೆ ಇದನ್ನೇ ಪೂರ್ವನಿದರ್ಶನ ಅಂತ ಹಿಡಿಯಬೇಡಿ ಎಂದೂ ಬರೆದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಂಡಳಿಯ ಕಾಗದಗಳಲ್ಲಿ ಇಂಥ ಸಾಲು ಕಂಡರೆ ನಿದರ್ಶನ ಆಗಲೇ ಆಗಿಹೋಗಿದೆ ಅಂತ ತಿಳಿದುಕೊಳ್ಳಿ.

ಗೆದ್ದರಲ್ಲ! ಮತ್ತೇನು ತಕರಾರು?

ಗೆದ್ದರು. 2013ರ ನವೆಂಬರ್ ಮೊದಲ ವಾರ ದಕ್ಷಿಣ ಆಫ್ರಿಕಾದ ರೂಯಿವಾಕ್ ಹೆಲಿಕಾಪ್ಟರುಗಳು ಚಾಂಜು ಬೆಟ್ಟದ ಮೇಲಿದ್ದ ಕೊನೆಯ ನೆಲೆಗಳ ಮೇಲೆ ದಾಳಿ ಮಾಡಿದವು. ಮರುದಿನ ಎಂ23 ಸೋಲೊಪ್ಪಿಕೊಂಡಿತು. ಗೋಮಾ ಜನ ಕುಣಿದಾಡಿದರು. ಆ ಸಂತೋಷ ಸುಳ್ಳಲ್ಲ.

ಆದರೆ ಆ ಗೆಲುವಿಗೆ ಕಾರಣ ಹೆಲಿಕಾಪ್ಟರ್ ಒಂದೇ ಅಲ್ಲ. ಎಂ23 ಬೆನ್ನಿಗೆ ರುವಾಂಡಾ ಇದೆ ಎಂದು ವಿಶ್ವಸಂಸ್ಥೆಯ ತಜ್ಞರೇ ವರದಿ ಕೊಟ್ಟಿದ್ದರು. ಅಮೆರಿಕ, ಯುರೋಪಿನ ದೇಶಗಳು ರುವಾಂಡಾಗೆ ಕೊಡುತ್ತಿದ್ದ ನೆರವನ್ನು ಒಂದೊಂದಾಗಿ ನಿಲ್ಲಿಸಿದ್ದವು. 2013ರ ಫೆಬ್ರವರಿಯಲ್ಲಿ ಅಡಿಸ್ ಅಬಾಬಾದಲ್ಲಿ 11 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದ್ದವು. ಬ್ರಿಗೇಡ್ ಹೊಡೆಯುವ ಹೊತ್ತಿಗೆ ಎಂ23ಗೆ ಬೆನ್ನಾಸರೆ ಇರಲಿಲ್ಲ. ಕಾಂಗೋ ಸೈನ್ಯವೂ ಆ ಸಲ ಎಂದಿಗಿಂತ ಚೆನ್ನಾಗಿ ಹೋರಾಡಿತ್ತು.

ಆ ಮೇಲೆ ಮಂಡಳಿಯವರ ನೆನಪಿನಲ್ಲಿ ಉಳಿದದ್ದು ಬ್ರಿಗೇಡ್ ಮಾತ್ರ. ಸೋತ ಎಂ23 ಜನ ಉಗಾಂಡಾ, ರುವಾಂಡಾಗಳಲ್ಲಿ ಶಿಬಿರದಲ್ಲಿ ಕೂತಿದ್ದರು. ಅವರನ್ನು ಏನು ಮಾಡಬೇಕೆಂಬ ಮಾತುಕತೆ ಎಳೆದಾಡಿತು. 2021ರ ನವೆಂಬರ್‌ನಲ್ಲಿ ಅವರು ಮತ್ತೆ ಬಂದೂಕು ಹಿಡಿದರು.

ಬೇರೆ ಗುಂಪುಗಳ ವಿರುದ್ಧ ಬ್ರಿಗೇಡ್ ಏನು ಮಾಡಿತು?

ಇಲ್ಲೇ ಕತೆ ಬಿಗಡಾಯಿಸುವುದು. ಎಂ23 ಆದಮೇಲೆ ಸರದಿ ಎಫ್‌ಡಿಎಲ್‌ಆರ್‌ನದು. ರುವಾಂಡಾ ನರಮೇಧ ಮಾಡಿದವರ ಬೇರುಗಳಿರುವ ಗುಂಪು ಅದು. 2015ರ ಆರಂಭದಲ್ಲಿ ಜಂಟಿ ಕಾರ್ಯಾಚರಣೆಗೆ ಎಲ್ಲ ಸಿದ್ಧವಾಗಿತ್ತು. ಅಷ್ಟರಲ್ಲಿ ಕಾಂಗೋ ಸರ್ಕಾರ ಅದರ ನೇತೃತ್ವಕ್ಕೆ ಇಬ್ಬರು ಜನರಲ್‌ಗಳನ್ನು ನೇಮಿಸಿತು. ಇಬ್ಬರ ಹೆಸರೂ ಮಾನವ ಹಕ್ಕು ಉಲ್ಲಂಘನೆಯ ಆರೋಪದ ಮೇಲೆ ವಿಶ್ವಸಂಸ್ಥೆಯ ಕೆಂಪು ಪಟ್ಟಿಯಲ್ಲಿದ್ದವು. ಅಂಥವರಿಗೆ ನೆರವು ಕೊಡಬಾರದು ಅಂತ ವಿಶ್ವಸಂಸ್ಥೆ 2011ರಲ್ಲಿ ತನಗೆ ತಾನೇ ನಿಯಮ ಹಾಕಿಕೊಂಡಿತ್ತು. ಆ ನಿಯಮ ಹುಟ್ಟಿದ್ದೂ ಕಾಂಗೋದ ಕಹಿ ಅನುಭವದಿಂದಲೇ. 2009ರಲ್ಲಿ ವಿಶ್ವಸಂಸ್ಥೆ ಅನ್ನ, ಇಂಧನ ಕೊಟ್ಟು ಬೆಂಬಲಿಸಿದ ಕಾಂಗೋ ಸೈನಿಕರೇ ಹಳ್ಳಿಗಳಲ್ಲಿ ಕೊಲೆ, ಅತ್ಯಾಚಾರ ನಡೆಸಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಜನರಲ್‌ಗಳನ್ನು ಬದಲಿಸಿ ಅಂತ ವಿಶ್ವಸಂಸ್ಥೆ ಕೇಳಿತು. ಸರ್ಕಾರ ಆಗಲ್ಲ ಅಂದಿತು. ವಿಶ್ವಸಂಸ್ಥೆ ನೆರವು ನಿಲ್ಲಿಸಿತು. ಸುಮಾರು ಒಂದು ವರ್ಷ ಹೀಗೇ ಹೋಯಿತು, 2016ರ ಜನವರಿಯಲ್ಲಿ ರಾಜಿ ಆಯಿತು.

ನನಗೆ ಅನಿಸುವುದು, ಸ್ಥಿರೀಕರಣದ ಗಂಟು ಇಡಿಯಾಗಿ ಈ ಒಂದು ಪ್ರಸಂಗದಲ್ಲೇ ಇದೆ. ಸರ್ಕಾರದ ಜೊತೆ ಹೋದರೆ ಅದರ ಪಾಪದಲ್ಲಿ ಪಾಲು. ಹೋಗದಿದ್ದರೆ ಕೆಲಸವೇ ಇಲ್ಲ. ಈ ಸರ್ಕಾರ ಗಟ್ಟಿಯಾಗುವುದು ಜನರಿಗೆ ಒಳ್ಳೆಯದಾ ಎಂದು ಕೇಳುವ ಅಧಿಕಾರ ಪಡೆಗೆ ಇಲ್ಲ.

‘ಸ್ಥಿರತೆಯ ದ್ವೀಪಗಳು’ ಅಂದರೆ?

ಬಂಡುಕೋರರನ್ನು ಓಡಿಸಿದ ಊರುಗಳಿಗೆ ಪೊಲೀಸ್, ಅಧಿಕಾರಿಗಳನ್ನು ತಂದು ಕೂರಿಸುವ ಯೋಜನೆ. 2013-14ರಲ್ಲಿ ಮೊನುಸ್ಕೊ ಇದನ್ನು ಶುರುಮಾಡಿತು. ಕಟ್ಟಡಗಳು ಎದ್ದವು. ಅಧಿಕಾರಿಗಳು ಬರಲಿಲ್ಲ, ಬಂದವರಿಗೆ ಸಂಬಳ ಬರಲಿಲ್ಲ. ದ್ವೀಪದ ಸುತ್ತ ಇದ್ದವರಿಗೆ, ಹಾಗಾದರೆ ನಾವು ಸಮುದ್ರವಾ, ಅನಿಸಿದ್ದರೆ ತಪ್ಪಿಲ್ಲ. ಕೆಲ ಕಾಲದಲ್ಲೇ ಆ ಮಾತು ಹಿಂದೆ ಸರಿಯಿತು.

ಶಾಂತಿಪಾಲಕರ ಮೇಲೆ ದಾಳಿ ಯುದ್ಧಾಪರಾಧ ಅಲ್ವಾ?

ಅಲ್ಲಿಗೊಂದು ಷರತ್ತಿದೆ. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಕಾನೂನಿನಂತೆ, ಸಾಮಾನ್ಯ ನಾಗರಿಕರಿಗಿರುವ ರಕ್ಷಣೆ ಶಾಂತಿಪಾಲಕರಿಗೆ ಎಲ್ಲಿಯವರೆಗೆ ಸಲ್ಲುತ್ತದೋ ಅಲ್ಲಿಯವರೆಗೆ ಅವರ ಮೇಲಿನ ದಾಳಿ ಯುದ್ಧಾಪರಾಧ. ಅವರೇ ಯುದ್ಧದಲ್ಲಿ ಒಂದು ಪಕ್ಷವಾಗಿ ಹೊಡೆದಾಡಿದರೆ ಆ ರಕ್ಷಣೆ ಹೋಗುತ್ತದೆ. ವಿಶ್ವಸಂಸ್ಥೆ ಸಿಬ್ಬಂದಿಯ ಸುರಕ್ಷತೆಗೆ ಅಂತಲೇ ಮಾಡಿದ 1994ರ ಒಡಂಬಡಿಕೆಯೂ ಹೀಗೇ ಹೇಳುತ್ತದೆ.

ಬ್ರಿಗೇಡಿನ ಸೈನಿಕರಿಗೂ ಉಳಿದವರಿಗೂ ಅದೇ ನೀಲಿ ಹೆಲ್ಮೆಟ್, ಅದೇ ಬಿಳಿ ಗಾಡಿ. ಕಾಡಿನ ಅಂಚಿನಲ್ಲಿ ಬಂದೂಕು ಹಿಡಿದು ಕೂತವನಿಗೆ ಯಾರು ಯಾವ ದಳ ಅಂತ ಹೇಗೆ ಗೊತ್ತಾಗಬೇಕು? 2013ರ ಕೊನೆಗೆ ಗೋಮಾದಿಂದ ವಿಶ್ವಸಂಸ್ಥೆ ಮೊದಲ ಸಲ ತನ್ನದೇ ಬೇಹುಗಾರಿಕೆ ಡ್ರೋನ್ ಹಾರಿಸಿತು. ನೆರವು ಸಂಸ್ಥೆಗಳಿಗೆ ಅದೂ ತಲೆನೋವಾಯಿತು. ಅವರ ಗಾಡಿಗಳೂ ಬಿಳಿಯೇ. ತಾವು ಕೊಟ್ಟ ಮಾಹಿತಿ ಯಾರದೋ ಮೇಲಿನ ದಾಳಿಗೆ ಬಳಕೆಯಾಗುತ್ತದೆ ಎಂಬ ಅನುಮಾನ ಊರಿನವರಿಗೆ ಬಂದರೆ ನೆರವು ಸಂಸ್ಥೆಗಳ ಕೆಲಸ ಮುಗಿದಂತೆ.

ಮಾಲಿಯಲ್ಲಿ ಏನಾಯಿತು?

ಅಲ್ಲಿ ಇನ್ನೂ ಕಷ್ಟ. 2013ರಲ್ಲಿ ಫ್ರೆಂಚ್ ಸೈನ್ಯ ಜಿಹಾದಿಗಳನ್ನು ಉತ್ತರದ ನಗರಗಳಿಂದ ಓಡಿಸಿತು. ಅದರ ಬೆನ್ನಲ್ಲೇ ವಿಶ್ವಸಂಸ್ಥೆ ಪಡೆ ಬಂತು. ಫ್ರಾನ್ಸ್ ಭಯೋತ್ಪಾದಕರ ಬೇಟೆ ಮುಂದುವರಿಸಿತು. ಇವರದು ಸ್ಥಿರೀಕರಣ, ಅವರದು ಬೇಟೆ, ಎರಡೂ ಬೇರೆ ಅಂತ ಕಾಗದದಲ್ಲಿ ಇತ್ತು. ಡಚ್ಚರು ಅಪಾಚೆ ಹೆಲಿಕಾಪ್ಟರ್ ಮತ್ತು ದೊಡ್ಡ ಗುಪ್ತಚರ ಘಟಕ ತಂದರು. ಆದರೆ ರಸ್ತೆ ಬದಿಯ ಬಾಂಬಿಗೆ ಹೆಚ್ಚಾಗಿ ಸಿಕ್ಕಿದ್ದು ಚಾಡ್‌ನಂಥ ದೇಶಗಳ, ಸರಿಯಾದ ಕವಚದ ಗಾಡಿಯೂ ಇಲ್ಲದ ಸೈನಿಕರು. ಹತ್ತು ವರ್ಷಗಳಲ್ಲಿ 300ಕ್ಕೂ ಹೆಚ್ಚು ಮಂದಿ ಸತ್ತರು.

ಸೈನಿಕ ಕ್ರಾಂತಿಯಿಂದ ಬಂದ ಸರ್ಕಾರ ರಷ್ಯಾದ ವ್ಯಾಗ್ನರ್ ಎಂಬ ಬಾಡಿಗೆ ಪಡೆಯನ್ನು ಕರೆತಂದು, 2023ರ ಜೂನ್‌ನಲ್ಲಿ ವಿಶ್ವಸಂಸ್ಥೆಗೆ ಹೊರಡಿ ಅಂದಿತು. ಡಿಸೆಂಬರ್ ಹೊತ್ತಿಗೆ ಎಲ್ಲ ಖಾಲಿ. ಯಾವ ದೇಶದ ಸರ್ಕಾರವನ್ನು ಗಟ್ಟಿ ಮಾಡಲು ಹೋದರೋ ಆ ದೇಶದ ಸರ್ಕಾರವೇ ಹೊರಗೆ ಕಳಿಸಿತು.

ವಿಶ್ವಸಂಸ್ಥೆಯ ಒಳಗೇ ಇದಕ್ಕೆ ವಿರೋಧ ಬರಲಿಲ್ಲವಾ?

ಬಂತು. 2015ರಲ್ಲಿ ಪೂರ್ವ ಟಿಮೋರ್‌ನ ರಾಮೋಸ್-ಹೋರ್ತಾ ನೇತೃತ್ವದ ಉನ್ನತ ಸಮಿತಿ ಎರಡು ಮಾತು ನೇರವಾಗಿ ಹೇಳಿತು. ರಾಜಕೀಯ ಪರಿಹಾರ ಮೊದಲು, ಸೈನಿಕರು ಆಮೇಲೆ. ಭಯೋತ್ಪಾದನೆ ವಿರುದ್ಧದ ಸೈನಿಕ ಕಾರ್ಯಾಚರಣೆ ಶಾಂತಿಪಾಲಕರ ಕೆಲಸವಲ್ಲ. ಎರಡೇ ವರ್ಷಕ್ಕೆ ಇನ್ನೊಂದು ವರದಿ ಬಂತು. ಕಾಂಗೋ ಪಡೆಯ ದಂಡನಾಯಕರಾಗಿದ್ದ ಬ್ರೆಜಿಲ್‌ನ ಜನರಲ್ ಸ್ಯಾಂಟೋಸ್ ಕ್ರೂಜ್ ಬರೆದದ್ದು. ಅದರ ಸಾರ: ನೀಲಿ ಹೆಲ್ಮೆಟ್ಟೂ ಧ್ವಜವೂ ಇನ್ನು ತಾವಾಗಿ ರಕ್ಷಣೆ ಕೊಡುವುದಿಲ್ಲ, ದಾಳಿಕೋರರಿಗೆ ಅರ್ಥವಾಗುವುದು ಬಲದ ಭಾಷೆ, ಮೊದಲು ನೀವೇ ಹೊಡೆಯಿರಿ.

2017ರಲ್ಲಿ ದಾಳಿಗಳಿಗೆ ಬಲಿಯಾದ ಶಾಂತಿಪಾಲಕರು 50ಕ್ಕೂ ಹೆಚ್ಚು. ಡಿಸೆಂಬರ್ 7ರಂದು ಪೂರ್ವ ಕಾಂಗೋದ ಸೆಮುಲಿಕಿ ನೆಲೆಯ ಮೇಲೆ ನಡೆದ ದಾಳಿಯೊಂದರಲ್ಲೇ 15 ಟಾಂಜಾನಿಯಾ ಸೈನಿಕರು ಸತ್ತಿದ್ದರು. ಕ್ರೂಜ್ ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಸೆಮುಲಿಕಿಯಲ್ಲಿ ಸತ್ತವರು ಅದೇ ದಾಳಿ ಬ್ರಿಗೇಡಿನವರು, ಹುಡುಕಿಕೊಂಡು ಹೋಗಿ ಹೊಡೆಯುವ ಅಧಿಕಾರ ಇದ್ದವರು. ಆ ಅಧಿಕಾರ ಅವರನ್ನು ಉಳಿಸಲಿಲ್ಲ.

ಹಾಗಾದರೆ ಬಲಪ್ರಯೋಗವೇ ಬೇಡ ಅಂತೀರಾ?

ಖಂಡಿತ ಇಲ್ಲ. ಕಿವಾಂಜಾದ ಬಗ್ಗೆ ಬರೆದು ಹಾಗೆ ಹೇಳಲು ಹೇಗೆ ಸಾಧ್ಯ? ಕಣ್ಣೆದುರು ಜನರನ್ನು ಕೊಲ್ಲುತ್ತಿದ್ದರೆ ಗುಂಡು ಹಾರಿಸಲೇಬೇಕು. ಕೊಲ್ಲುವವನು ಬಂಡುಕೋರನಾಗಿರಲಿ, ಸರ್ಕಾರದ ಸಮವಸ್ತ್ರ ತೊಟ್ಟವನಾಗಿರಲಿ. ಜನರ ರಕ್ಷಣೆಯ ಆದೇಶ ಹೇಳುವುದು ಅದನ್ನೇ. ಸ್ಥಿರೀಕರಣದಲ್ಲಿ ಎರಡನೆಯವನ ಮೇಲೆ ಕೈ ಮಾಡುವುದು ಹೆಚ್ಚುಕಡಿಮೆ ಅಸಾಧ್ಯ, ಅವನು ಜೊತೆಗಾರ. 2023ರ ಆಗಸ್ಟ್ 30ರಂದು ಗೋಮಾದಲ್ಲಿ ವಿಶ್ವಸಂಸ್ಥೆ ವಿರುದ್ಧ ಪ್ರತಿಭಟನೆಗೆ ಸೇರುತ್ತಿದ್ದ 50ಕ್ಕೂ ಹೆಚ್ಚು ಜನರನ್ನು ಕೊಂದದ್ದು ಕಾಂಗೋದ ಸೈನಿಕರೇ.

ಭಾರತದ ನಿಲುವು ಏನು?

ಭಾರತಕ್ಕೆ ಇದರಲ್ಲಿ ಮಾತಾಡುವ ಹಕ್ಕು ಚೆನ್ನಾಗಿಯೇ ಇದೆ. ಇಲ್ಲಿಯವರೆಗೆ 2,90,000ಕ್ಕೂ ಹೆಚ್ಚು ಭಾರತೀಯರು ವಿಶ್ವಸಂಸ್ಥೆ ಪಡೆಗಳಲ್ಲಿ ಕೆಲಸ ಮಾಡಿದ್ದಾರೆ. ಸುಮಾರು 180 ಮಂದಿ ಸತ್ತಿದ್ದಾರೆ, ಬೇರೆ ಯಾವ ದೇಶಕ್ಕಿಂತಲೂ ಜಾಸ್ತಿ. ಉತ್ತರ ಕಿವುವಿನಲ್ಲಿ ವರ್ಷಗಟ್ಟಲೆ ಇದ್ದದ್ದು ನಮ್ಮ ಬ್ರಿಗೇಡೇ. 2013ರಲ್ಲಿ ದಾಳಿ ಬ್ರಿಗೇಡ್ ಬಂದಾಗ ಭಾರತ ಅದರಲ್ಲಿ ಸೇರಲಿಲ್ಲ. ಒಂದೇ ಪಡೆಯಲ್ಲಿ ಕೆಲವರು ದಾಳಿ ಮಾಡಿದರೆ ಅದರ ಸೇಡು ಉಳಿದವರ ಮೇಲೆ ಬೀಳುತ್ತದೆ ಎಂದು ಮಂಡಳಿಯಲ್ಲೇ ಎಚ್ಚರಿಸಿತು. ಇನ್ನೊಂದು ಹಳೆಯ ದೂರು, ವಿಶ್ವಸಂಸ್ಥೆ ಸನ್ನದಿನ 44ನೇ ವಿಧಿಯಂತೆ ಸೈನಿಕರನ್ನು ಕೊಡುವ ದೇಶಗಳನ್ನು ನಿರ್ಧಾರದಲ್ಲಿ ಸೇರಿಸಿಕೊಳ್ಳಬೇಕು, ಸೇರಿಸಿಕೊಳ್ಳುವುದಿಲ್ಲ ಎಂಬುದು. ನ್ಯಾಯವಾದ ದೂರೇ. ಬರೆಯುವವರು ಪ್ಯಾರಿಸ್, ವಾಷಿಂಗ್ಟನ್‌ನವರು. ಹೋಗಿ ನಿಲ್ಲುವವರು ನೇಪಾಳ, ರುವಾಂಡಾ, ಬಾಂಗ್ಲಾದೇಶ, ಭಾರತದವರು.

2022ರ ಜುಲೈನಲ್ಲಿ ಆ ಎಚ್ಚರಿಕೆಗಿಂತ ಬೇರೆಯದೇ ರೀತಿಯಲ್ಲಿ ಅಪಾಯ ಬಂತು. ಬಂಡುಕೋರರಿಂದಲ್ಲ, ಊರ ಜನರಿಂದ. ಇಷ್ಟು ವರ್ಷ ಇದ್ದು ನಮ್ಮನ್ನು ಕಾಯಲಿಲ್ಲ ಅಂತ ಗೋಮಾ, ಬುಟೆಂಬೊಗಳಲ್ಲಿ ಜನ ನೆಲೆಗಳ ಮೇಲೆ ನುಗ್ಗಿದರು. ಕಾಂಗೋದ ಸೆನೆಟ್ ಅಧ್ಯಕ್ಷರೇ ಆ ಮೊದಲು ಗಂಟುಮೂಟೆ ಕಟ್ಟಿ ಅಂತ ಭಾಷಣ ಮಾಡಿದ್ದರು. 26ರಂದು ಬುಟೆಂಬೊದಲ್ಲಿ ಬಿಎಸ್‌ಎಫ್‌ನ ಇಬ್ಬರು ಮತ್ತು ಮೊರೊಕ್ಕೊದ ಒಬ್ಬರು ಸತ್ತರು. ಪ್ರತಿಭಟನೆಗೆ ಬಂದ ಹತ್ತಾರು ಜನರೂ ಸತ್ತರು.

ಈಗ ಮೊನುಸ್ಕೊ ಎಲ್ಲಿದೆ?

ಕಾಂಗೋ ಸರ್ಕಾರ ಹೊರಡಿ ಅಂದದ್ದರಿಂದ 2023ರ ಡಿಸೆಂಬರ್‌ನಲ್ಲಿ ಹಂತಹಂತವಾಗಿ ಹಿಂದೆ ಸರಿಯಲು ತೀರ್ಮಾನವಾಯಿತು. 2024ರ ಜೂನ್‌ಗೆ ದಕ್ಷಿಣ ಕಿವು ಖಾಲಿ. ಅಷ್ಟರಲ್ಲಿ ಎಂ23 ಮುನ್ನುಗ್ಗುತ್ತಿತ್ತು, ಸರ್ಕಾರವೇ ಅವಸರ ಬೇಡ ಅಂತ ರಾಗ ಬದಲಿಸಿತು. 2025ರ ಜನವರಿ ಕೊನೆಗೆ ಗೋಮಾ ಮತ್ತೆ ಬಿತ್ತು. ಫೆಬ್ರವರಿಯಲ್ಲಿ ದಕ್ಷಿಣದ ಬುಕಾವು ಬಿತ್ತು. ಈ ಸಲ ರುವಾಂಡಾದ ಸಾವಿರಾರು ಸೈನಿಕರು ಜೊತೆಗಿದ್ದರು ಎಂದು ವಿಶ್ವಸಂಸ್ಥೆಯ ತಜ್ಞರು ಹೇಳುತ್ತಾರೆ. ದಾಳಿ ಬ್ರಿಗೇಡ್ ಕಾಗದದಲ್ಲಿ ಇನ್ನೂ ಇತ್ತು. ಆದರೆ 2013ರಲ್ಲಿ ರುವಾಂಡಾ ಮೇಲಿದ್ದ ಒತ್ತಡ ಇರಲಿಲ್ಲ.

ಗೋಮಾ ಬಿದ್ದಾಗ ಕಾಂಗೋದ ನೂರಾರು ಸೈನಿಕರು, ಪೊಲೀಸರು ಆಯುಧ ಕೆಳಗಿಟ್ಟು ಕುಟುಂಬ ಸಮೇತ ವಿಶ್ವಸಂಸ್ಥೆಯ ನೆಲೆಗಳಲ್ಲಿ ಆಶ್ರಯ ಪಡೆದರು. ಮೂರು ತಿಂಗಳು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಕೊನೆಗೆ ಏಪ್ರಿಲ್ ಕೊನೆಯಲ್ಲಿ ಬಂಡುಕೋರರ ಹಿಡಿತದ ರಸ್ತೆಗಳ ಮೂಲಕ ಅವರನ್ನು ಸಾಗಿಸಿ ಕಾಂಗೋದ ರಾಜಧಾನಿ ಕಿನ್ಶಾಸಾ ಮುಟ್ಟಿಸಲು ಮುಂದೆ ನಿಂತದ್ದು ರೆಡ್ ಕ್ರಾಸ್ ಸಮಿತಿ. ಅದಕ್ಕೆ ಎಲ್ಲರೂ ಒಪ್ಪಿದರು. ಕಾರಣ ಸರಳ, ರೆಡ್ ಕ್ರಾಸ್ ಯಾರ ಕಡೆಯೂ ಇರಲಿಲ್ಲ.

ಮುಂದೆ ಇಂಥ ಪಡೆಗಳು ಬರುತ್ತವಾ?

ನೀಲಿ ಹೆಲ್ಮೆಟ್ಟಿನಲ್ಲಿ ಬರುವ ಸಾಧ್ಯತೆ ಕಮ್ಮಿ. 2014ರ ನಂತರ ವಿಶ್ವಸಂಸ್ಥೆ ಹೊಸ ದೊಡ್ಡ ಪಡೆ ಯಾವುದನ್ನೂ ಕಳಿಸಿಲ್ಲ. ದುಡ್ಡೂ ಇಲ್ಲ. ದೇಶಗಳು ಬಾಕಿ ಕಟ್ಟದೆ 2025ರಲ್ಲಿ ಇರುವ ಶಾಂತಿಪಾಲಕರಲ್ಲೇ ಸುಮಾರು ಕಾಲು ಭಾಗ ಕಡಿತ ಅಂತ ಘೋಷಣೆಯಾಯಿತು. ಆದರೆ ಕೆಲಸ ನಿಂತಿಲ್ಲ, ಬೇರೆಯವರ ಕೈಗೆ ಹೋಗುತ್ತಿದೆ. ಹೈಟಿಗೆ ಮೊದಲು ಕೆನ್ಯಾ ನೇತೃತ್ವದ ಪಡೆ ಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಗ್ಯಾಂಗ್ ದಮನ ಪಡೆಯಾಗಿ ಮಾಡಲು ಮಂಡಳಿ ಒಪ್ಪಿತು. ಅದೇ ವರ್ಷದ ನವೆಂಬರ್ 17ರಂದು ಗಾಜಾಕ್ಕೆ ಅಂತರರಾಷ್ಟ್ರೀಯ ಸ್ಥಿರೀಕರಣ ಪಡೆಗೆ ಒಪ್ಪಿಗೆ ಸಿಕ್ಕಿತು. ಎರಡಕ್ಕೂ ಮಂಡಳಿಯ ಮುದ್ರೆ ಇದೆ, ಎರಡೂ ವಿಶ್ವಸಂಸ್ಥೆಯ ಪಡೆಗಳಲ್ಲ.

ಆಫ್ರಿಕನ್ ಒಕ್ಕೂಟದ ಪಡೆಗಳಿಗೆ ವಿಶ್ವಸಂಸ್ಥೆಯ ವಂತಿಗೆಯಿಂದ ಶೇ 75ರವರೆಗೆ ಹಣ ಕೊಡಬಹುದು ಅಂತ 2023ರ ಡಿಸೆಂಬರ್‌ನಲ್ಲೇ 2719ನೇ ನಿರ್ಣಯ ಬಂದಿದೆ. ಸೊಮಾಲಿಯಾದಲ್ಲಿ ಬಳಸೋಣ ಅಂದಾಗ ಅಮೆರಿಕ ಒಪ್ಪಲಿಲ್ಲ.

ಹೊಸ ಪಡೆಯ ಸುದ್ದಿ ಓದುವಾಗ ಮೊದಲು ಏನು ನೋಡಬೇಕು?

ಎಷ್ಟು ಸೈನಿಕರು, ಯಾವ ಹೆಲಿಕಾಪ್ಟರ್ ಎಂಬುದನ್ನು ಆಮೇಲೆ ನೋಡಿ. ಮೊದಲು ಅಲ್ಲಿ ಯಾರ ಯಾರ ನಡುವೆ ಒಪ್ಪಂದ ಆಗಿದೆ, ಆಗಿದೆಯಾ ಅಂತ ನೋಡಿ. ಆ ಸರ್ಕಾರದ ಸೈನಿಕನೇ ತಪ್ಪು ಮಾಡಿದರೆ ಪಡೆ ಏನು ಮಾಡಬೇಕೆಂದು ನಿರ್ಣಯದಲ್ಲಿ ಬರೆದಿದ್ದಾರಾ ನೋಡಿ. ಗಡಿಯಾಚೆಯಿಂದ ಬಂದೂಕು ಕಳಿಸುವ ದೇಶದ ಹೆಸರನ್ನು ಬರೆಯುವ ಧೈರ್ಯ ಮಾಡಿದ್ದಾರಾ ನೋಡಿ. ಕಾಂಗೋ ವಿಷಯದಲ್ಲಿ ರುವಾಂಡಾ ಸೈನ್ಯ ಹಿಂದೆ ಸರಿಯಬೇಕು ಅಂತ ಮಂಡಳಿ ಹೆಸರು ಹಿಡಿದು ಬರೆದದ್ದು 2025ರ ಫೆಬ್ರವರಿ 21ರಂದು, 2773ನೇ ನಿರ್ಣಯದಲ್ಲಿ. ಅಷ್ಟು ಹೊತ್ತಿಗೆ ಗೋಮಾ, ಬುಕಾವು ಎರಡೂ ಹೋಗಿದ್ದವು.